ಗಾಜು ಹಿಡಿದಾಗ ಹೇಳುವ ಮಾತು

ಫೆಬ್ರವರಿ ೯

ಪ್ರೀತಿಯ ಅಣ್ಣನಿಗೆ,

ನಾನು ತಲುಪಿದೆ, ಪೆಟ್ಟಿಗೆ ತಲುಪಿತು, ಅತ್ತಿಗೆ ಕಟ್ಟಿಕೊಟ್ಟ ತಿಂಡಿ ಮಾತ್ರ ತಲುಪಲಿಲ್ಲ, ಅರ್ಧ ದಾರಿಯಲ್ಲೇ ಖಾಲಿಯಾಯಿತು. ಫೋನು ಮಾಡೋಣವೆಂದರೆ ನೀನು ‘ಹೂಂ, ಊಟ ಆಯ್ತಾ, ಇಡ್ತೀನಿ’ ಎನ್ನುವುದು ಬಿಟ್ಟು ನಾಲ್ಕನೇ ಮಾತು ಆಡುವವನಲ್ಲ. ಅದಕ್ಕೇ ಈ ಕಾಗದ. ಇಲ್ಲಾದರೂ ನಿನ್ನ ಬಾಯಿ ಬಿಡಿಸುತ್ತೇನೆ.

ಇಲ್ಲಿಯ ಗಾಜಿನ ಕಾರ್ಖಾನೆ ಎಷ್ಟು ದೊಡ್ಡದು ಗೊತ್ತಾ? ನಮ್ಮ ಗಾಜಿನ ಅಂಗಡಿ, ಮೇಲಿನ ಮನೆ, ಅತ್ತಿಗೆ ಬಟ್ಟೆ ಒಣಗಿಸುವ ತಾರಸಿ, ಎಲ್ಲವನ್ನೂ ಎತ್ತಿ ತಂದು ಇದರ ಒಂದು ಮೂಲೆಯಲ್ಲಿಟ್ಟರೆ ಕಸ ಗುಡಿಸುವವರಿಗೂ ಗೊತ್ತಾಗುವುದಿಲ್ಲ. ಹೊಸದೊಂದು ಸಂಗೀತ ಸಭಾಂಗಣಕ್ಕೆ ಗೋಡೆಯ ಬದಲು ಗಾಜನ್ನೇ ಹಾಕುತ್ತಾರಂತೆ. ಆ ಗಾಜನ್ನು ಕತ್ತರಿಸಿ, ಅಂಚು ಉಜ್ಜಿ, ಲಾರಿಗೆ ಏರಿಸುವುದು ನಮ್ಮ ತಂಡದ ಕೆಲಸ. ಜುಲೈ ಕೊನೆಗೆ ಮುಗಿಯಬೇಕು.

ತಂಡದಲ್ಲಿ ನಾವು ಐದು ಜನ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಎಲ್ಲರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ ಸಂಸಾರ ನಡೆಯುತ್ತಿದೆ. ಮೇಸ್ತ್ರಿ ಒಬ್ಬ ಹೆಂಗಸು. ಅತ್ತಿಗೆಗಿಂತ ಗಿಡ್ಡ, ಅತ್ತಿಗೆಗಿಂತ ಜೋರು (ಇದನ್ನು ಅತ್ತಿಗೆಗೆ ಓದಿ ಹೇಳಬೇಡ). ಗಾಜು ಕತ್ತರಿಸುವವನು ಬಾಗಿಲಿಗಿಂತ ಉದ್ದ, ಅವನನ್ನು ಲಂಬು ಎನ್ನುತ್ತೇನೆ. ಅಂಚು ಉಜ್ಜುವವಳು ಬೈದರೂ ನಗುತ್ತಾಳೆ, ಅವಳು ನಗುಮೊಗ. ಮತ್ತೊಬ್ಬ ಲಾರಿ ಡ್ರೈವರ್.

ಮೊದಲ ದಿನವೇ ನನ್ನನ್ನು ಗಾಜಿನ ‘ನೋಡುವ ತುದಿ’ಗೆ, ಅದೇ ಅಲ್ಲಿ ನೀನು ಮುಖ ಮುಂದಾಗಿ ನಿಂತು ನನಗೆ ದಾರಿ ಹೇಳುವ ತುದಿಗೆ, ನಿಲ್ಲಿಸಿದರು. ನನಗೋ ಹುಟ್ಟಾ ಇನ್ನೊಂದು ತುದಿ ಹಿಡಿದು ಬೆನ್ನು ಮುಂದಾಗಿ ನಡೆದೇ ಅಭ್ಯಾಸ! ಗಾಜು ಎತ್ತಿದೆವು, ನಾನು ಮೈಮರೆತು ಥೇಟ್ ನಿನ್ನ ದನಿಯಲ್ಲಿ ‘ಬಾ’ ಎಂದುಬಿಟ್ಟೆ. ಅಷ್ಟೇ ನೋಡು. ಲಂಬು ಸರಸರ ಹೊರಟೇಬಿಟ್ಟ. ಮೇಸ್ತ್ರಿ ಕಂಬದ ಹಾಗೆ ನಿಂತುಬಿಟ್ಟಳು. ನಗುಮೊಗ ‘ಯೆಸ್, ಯೆಸ್’ ಎಂದು ನನ್ನ ಮುಖವನ್ನೇ ನೋಡಿದಳು. ಡ್ರೈವರ್ ಗಾಬರಿಯಿಂದ ‘ಏನಾಯ್ತು? ಏನು ತಪ್ಪಾಯ್ತು?’ ಎಂದ. ಗಾಜು ಉಳಿದದ್ದೇ ದೊಡ್ಡದು. ಕೆಳಗಿಟ್ಟ ಮೇಲೆ ಐದು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಯಾಕೆ ನಕ್ಕೆವೆಂದು ಯಾರಿಗೂ ಗೊತ್ತಿಲ್ಲ.

ಅಂಗಡಿ ಹೇಗಿದೆ? ನನ್ನ ತುದಿ ಈಗ ಯಾರ ಕೈಯಲ್ಲಿದೆ?

ನಿನ್ನ
ಪಿಟೀಲು


ಫೆಬ್ರವರಿ ೨೪

ಪಿಟೀಲೇ,

ಕಾಗದ ಬಂತು. ಅತ್ತಿಗೆಗೆ ಓದಿ ಹೇಳಲಿಲ್ಲ, ಅವಳೇ ಕಿತ್ತುಕೊಂಡು ಓದಿದಳು. ಗಿಡ್ಡ ಅಂದದ್ದಕ್ಕೆ ಬೇಸರವಿಲ್ಲವಂತೆ. ತನಗಿಂತ ಜೋರಿನವಳು ಒಬ್ಬಳಿದ್ದಾಳೆ ಎನ್ನುವುದನ್ನು ಮಾತ್ರ ನಂಬಲು ತಯಾರಿಲ್ಲ.

ನೀನು ತೊಟ್ಟಿಲಲ್ಲಿ ಒಂದೇ ತಂತಿ ಎಳೆದು ಅಳುತ್ತಿದ್ದೆ ಎಂದು ಅಪ್ಪ ಇಟ್ಟ ಹೆಸರನ್ನು ಅಲ್ಲಿ ಯಾರಿಗೂ ಹೇಳಲು ಹೋಗಬೇಡ. ಮರ್ಯಾದೆಯಿಂದ ಇರು.

ನಿನ್ನ ತುದಿಯ ಚಿಂತೆ ನಿನಗೆ ಬೇಡ. ಎದುರುಮನೆಯ ಕಂಡಕ್ಟರ್‌ಗೆ ನಿವೃತ್ತಿಯಾಯಿತಲ್ಲ, ಮನೆಯಲ್ಲಿ ಕೂತು ಬೇಜಾರು ಎಂದು ಬರುತ್ತಿದ್ದಾನೆ. ಒಳ್ಳೇ ಮನುಷ್ಯ, ಗಟ್ಟಿ ಕೈ. ಆದರೆ ಬಾಯಿ ಇನ್ನೂ ಬಸ್ಸಿನಲ್ಲೇ ಇದೆ. ಗಾಜು ಎತ್ತಿದರೆ ‘ರೈಟ್, ರೈಟ್’. ಇಳಿಸಬೇಕಾದರೆ ‘ಹೋಲ್ಡಾನ್’. ಮೊನ್ನೆ ದಂತವೈದ್ಯರ ಮೆಟ್ಟಿಲಲ್ಲಿ ಜನ ಎದುರು ಬಂದರು. ಇವನು ಗಾಜು ಹಿಡಿದುಕೊಂಡೇ, ‘ಒಳಗ್ ಹೋಗಿ, ಒಳಗ್ ಹೋಗಿ, ಹಿಂದೆ ಜಾಗ ಇದೆ’ ಎಂದು ಕೂಗಿದ. ಹಲ್ಲುನೋವಿನವರೂ ನಕ್ಕರು.

ನಿನ್ನ ತಂಡದವರಿಗೆ ಆ ಮಾತು ಯಾಕೆ ತಲೆಗೆ ಹೋಗಲಿಲ್ಲವೋ ಕಾಣೆ, ಆದರೆ ನಮ್ಮದೂ ವಿಚಿತ್ರವೇ. ಬೆನ್ನು ಮುಂದಾಗಿ ನಡೆಯುವವಳು ನನ್ನಿಂದ ಆಚೆ ಹೋಗುವವಳು. ನ್ಯಾಯವಾಗಿ ಅವಳಿಗೆ ‘ಹೋಗು’ ಅನ್ನಬೇಕು. ಆದರೆ ಅಪ್ಪ ಬಿಡುತ್ತಿದ್ದನೇ? ‘ಗಾಜು ಕೈಲಿದ್ದಾಗ ಹೋಗು ಅನ್ಬೇಡ್ರೋ, ಕೇಳಿಸ್ಕೊಂಡು ಅದೇ ಹೋಗ್ಬಿಡುತ್ತೆ’ ಎನ್ನುತ್ತಿದ್ದ. ಹಾಗಾಗಿ ಬರುವವರಿಗೂ ಬಾ, ಹೋಗುವವರಿಗೂ ಬಾ. ಅದು ಸುಮ್ಮಸುಮ್ಮನೆ ಆಡುವ ಮಾತಲ್ಲ ಅನ್ನುವುದೂ ನೆನಪಿರಲಿ, ಅಲ್ಲಿ ಹರಟೆಗೆ ಬಳಸಬೇಡ.

ಇಲ್ಲಿ ಎಲ್ಲ ಸುಸೂತ್ರ. ಗಂಟೆಗೊಬ್ಬ ಗಿರಾಕಿ.

ಇಂತಿ,
ಅಣ್ಣ

ಲಕೋಟೆ ಅಂಟಿಸೋದು ನಾನೇ ಅಲ್ವಾ, ಅದಕ್ಕೆ ಈ ಮಡಿಕೆ ಒಳಗೆ ಬರೀತಿದೀನಿ. ಸುಸೂತ್ರ ಅಂತೆ ಸುಸೂತ್ರ! ಕಂಡಕ್ಟರಣ್ಣ ರೈಟ್ ಅಂದ್ರು, ನಿಮ್ಮಣ್ಣ ಬಲಗಡೆ ತಿರುಗಿದ್ರು. ಬೀರುವಿಗೆ ಹಾಕ್ಬೇಕಿದ್ದ ಆಳೆತ್ತರದ ಕನ್ನಡಿ ಈಗ ನಮ್ಮನೇಲಿ ಎಲ್ಲರಿಗೂ ಒಂದೊಂದು ಕೈಗನ್ನಡಿ. ನಾನು ಹೇಳ್ದೆ ಅಂತ ಬರೀಬೇಡ. – ಅತ್ತಿಗೆ


ಮಾರ್ಚ್ ೧೫

ಪ್ರೀತಿಯ ಅಣ್ಣ,

ಗಂಟೆಗೊಬ್ಬ ಗಿರಾಕಿ ಎಂದು ಓದಿ ಬಹಳ ಸಂತೋಷವಾಯಿತು. ಕನ್ನಡಿಗಳ ವ್ಯಾಪಾರವೂ ಜೋರಾಗಿರಬೇಕು.

ನಮ್ಮ ‘ಬಾ’ ಯಾಕೆ ತಲೆಗೆ ಹೋಗಲಿಲ್ಲ ಎಂದು ಕೇಳಿದ್ದೆಯಲ್ಲ, ಈಗ ಗೊತ್ತಾಯಿತು ಕೇಳು. ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದೆ. ಅವರಿಗೆ ಹೋಗಲಿಲ್ಲ ಎಂದಲ್ಲ, ಎಲ್ಲರಿಗೂ ಹೋಯಿತು, ಒಬ್ಬೊಬ್ಬರಿಗೆ ಒಂದೊಂದು! ಮೇಸ್ತ್ರಿಯ ಭಾಷೆಯಲ್ಲಿ ಬಾ ಎಂದರೆ ಮೂರು. ‘ಒಂದು, ಎರಡು ಎಲ್ಲಿ ಹೋಯ್ತು ಅಂತ ಕಾಯ್ತಾ ನಿಂತಿದ್ದೆ’ ಎಂದಳು. ಲಂಬುವಿನ ಭಾಷೆಯಲ್ಲಿ ‘ಹೋಗುತ್ತೆ’, ‘ಹೋಗ್ತಾನೆ’ ಎನ್ನಲು ಬಾ ಎಂದೇ ಉಚ್ಚರಿಸುತ್ತಾರೆ. ಪಾಪ, ಅವನು ಹೋದ. ನಗುಮೊಗದವರಲ್ಲಿ ನಮ್ಮ ‘ಬಂದ್ಯಾ, ತಿಂದ್ಯಾ’ ಇದೆಯಲ್ಲ, ಆ ಕೊನೆಯ ಎಳೆತದ ಕೆಲಸಕ್ಕೆ ಬಾ ಇಟ್ಟುಕೊಂಡಿದ್ದಾರೆ, ಬಾ ಬಂದರೆ ಪ್ರಶ್ನೆ ಎಂದರ್ಥ. ಏನೋ ಕೇಳುತ್ತಿದ್ದಾಳೆ, ಯಾವುದಕ್ಕೂ ಇರಲಿ ಎಂದು ಅವಳು ಯೆಸ್ ಅಂದದ್ದು. ಡ್ರೈವರ್ ಕಥೆ ಎಲ್ಲಕ್ಕಿಂತ ಚೆನ್ನ. ಅವನ ಕಡೆ ‘ಅಲ್ಲ’ ಎನ್ನಲು ಮಾತಿಗೆ ಮುಂಚೆ ಒಂದು ಬಾ, ಮಾತು ಮುಗಿದ ಮೇಲೆ ಒಂದು ಬಾ ಹಾಕುತ್ತಾರಂತೆ. ನಾನು ಒಂದೇ ಬಾ ಹಾಕಿ ಸುಮ್ಮನಾದೆನಲ್ಲ, ಏನು ಅಲ್ಲ, ಯಾವುದು ಅಲ್ಲ ಎಂದು ಅವನ ಜೀವ ಬಾಯಿಗೆ ಬಂದಿತ್ತಂತೆ.

ಒಂದಕ್ಕೊಂದು ನೆಂಟಸ್ತನವಿಲ್ಲದ ಭಾಷೆಗಳು, ಒಬ್ಬರ ಊರು ಇನ್ನೊಬ್ಬರಿಗೆ ಭೂಪಟದಲ್ಲಿ ತೋರಿಸಲೂ ಬರುವುದಿಲ್ಲ, ಆದರೂ ಐದು ಜನರ ಬಾಯಲ್ಲೂ ಈ ಒಂದಕ್ಷರ ಕೂತಿದೆ. ತುಟಿ ಮುಚ್ಚಿ ತೆರೆದರೆ ಬರುವ ಸದ್ದು, ಯಾರು ಬೇಕಾದರೂ ಎತ್ತಿಕೊಂಡು ಮನೆಗೆ ಒಯ್ದಿದ್ದಾರೆ!

ಇಷ್ಟಾದ ಮೇಲೆ ಅದನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಮೇಸ್ತ್ರಿ ಬಿಡಲಿಲ್ಲ. ‘ಎಲ್ಲರ ಬಾಯಲ್ಲೂ ಮೊದಲೇ ಇದೆ, ಹೊಸದಾಗಿ ಕಲಿಸೋ ಕೆಲಸ ಉಳೀತು. ಅರ್ಥ ಒಂದು ಇವಳದ್ದು ಇಟ್ಕೊಳ್ಳೋಣ’ ಎಂದು ತೀರ್ಪು ಕೊಟ್ಟಳು. ಈಗ ಇಡೀ ಶೆಡ್ಡಿನಲ್ಲಿ ಬಾ, ಬಾ, ಬಾ. ನಿನ್ನ ಅಂಗಡಿಯ ಶಾಖೆ ತೆರೆದ ಹಾಗಿದೆ.

ಇನ್ನೊಂದು ಹೇಳಬೇಕು. ಮೇಸ್ತ್ರಿಯ ಊರಿನಲ್ಲಿ ಅಪ್ಪನನ್ನು ಕರೆಯುವುದೂ ‘ಬಾ’ ಎಂದೇ ಅಂತೆ. ‘ನಿಂಗೆ ಈ ಮಾತು ಕಲಿಸಿದ್ದು ಯಾರು?’ ಎಂದು ಕೇಳಿದಳು. ಅಪ್ಪ ಎಂದೆ. ಅವಳು ತನ್ನ ಡಬ್ಬಿಯಿಂದ ಒಂದು ಪಾಲು ತೆಗೆದು ನನ್ನ ತಟ್ಟೆಗೆ ಹಾಕಿದಳು.

ನನ್ನ ಕೆಲಸ ಇಲ್ಲಿಯವರಿಗೆ ಹಿಡಿಸಿದೆ. ಅದರ ಬಗ್ಗೆ ಏನೋ ಮಾತು ನಡೆದಿದೆ, ಗಟ್ಟಿಯಾದ ಮೇಲೆ ಬರೆಯುತ್ತೇನೆ. ಅಣ್ಣ, ಅಲ್ಲಿ ನನ್ನಿಂದ ಆಗಬೇಕಾದ್ದು ಏನಾದರೂ ಇದೆಯಾ? ಸುಮ್ಮನೆ ಕೇಳಿದೆ.

ನಿನ್ನ
ಪಿಟೀಲು


ಏಪ್ರಿಲ್ ೨

ಪಿಟೀಲೇ,

ಮೂರು, ಹೋಗುತ್ತೆ, ಪ್ರಶ್ನೆ, ಅಲ್ಲ! ಕಂಡಕ್ಟರ್‌ಗೆ ಓದಿ ಹೇಳಿದೆ. ‘ನಮ್ಮ ಡಿಪೋದಲ್ಲೂ ಹಿಂಗೇ ಸ್ವಾಮಿ, ಒಂದ್ಸಲ ಸೀಟಿ ಊದಿದ್ರೆ ಡ್ರೈವರ್‌ಗೊಂದು ಅರ್ಥ, ಪ್ಯಾಸೆಂಜರ್‌ಗೊಂದು ಅರ್ಥ’ ಎಂದ. ಅವನ ಸೀಟಿ ಈಗ ನಮ್ಮ ಅಂಗಡಿಯ ಮೊಳೆಗೆ ತೂಗುಬಿದ್ದಿದೆ, ಬೇಡವೆಂದರೂ ಊದುತ್ತಾನೆ.

ನಿನ್ನ ಕೆಲಸ ಹಿಡಿಸಿದೆ ಎಂದು ತಿಳಿದು ಹೆಮ್ಮೆಯಾಯಿತು. ಹಿಡಿಸದೆ ಏನು? ಯಾರ ಕೈಕೆಳಗೆ ಕಲಿತದ್ದು!

ಇಲ್ಲಿ ನಿನ್ನಿಂದ ಆಗಬೇಕಾದ್ದು ಏನೂ ಇಲ್ಲ. ಕೆಲಸ ಮೈತುಂಬಾ ಇದೆ, ಉಸಿರಾಡಲು ಪುರುಸೊತ್ತಿಲ್ಲ, ಆದರೂ ನಾನೂ ಕಂಡಕ್ಟರೂ ಸೇರಿ ನಿಭಾಯಿಸುತ್ತಿದ್ದೇವೆ. ನೀನು ನಿಶ್ಚಿಂತೆಯಾಗಿ ಅಲ್ಲೇ ಗಮನವಿಟ್ಟು ದುಡಿ.

ಇಂತಿ,
ಅಣ್ಣ

ಮೈತುಂಬಾ ಇರೋ ಕೆಲಸ ಅಂದ್ರೆ ಏನು ಗೊತ್ತಾ? ಫೋಟೋಗೆ ಫ್ರೇಮ್ ಹಾಕೋದು. ಆ ಕನ್ನಡಿ ಒಡೆದ್ಮೇಲೆ ಅಂಗೈಗಿಂತ ದೊಡ್ಡ ಗಾಜು ಮುಟ್ಟೋಕೆ ನಿಮ್ಮಣ್ಣಂಗೆ ಧೈರ್ಯ ಇಲ್ಲ. ವಾಚನಾಲಯದವರು ಹೊಸ ಕಟ್ಟಡದ ದೊಡ್ಡ ಕಿಟಕಿ ನೀವೇ ಮಾಡ್ಕೊಡಿ ಅಂತ ಹುಡುಕ್ಕೊಂಡು ಬಂದ್ರು. ನಿಮ್ಮಪ್ಪ ಇದ್ದಾಗಿಂದ ಇಂಥದ್ದೊಂದು ಕೆಲಸಕ್ಕೆ ಕಾಯ್ತಿದ್ದವರು, ಆಗಲ್ಲ ಅಂತ ಕಳಿಸಿಬಿಟ್ರು. ಆಮೇಲೆ ಊಟ ಮಾಡ್ಲಿಲ್ಲ. – ಅತ್ತಿಗೆ


ಏಪ್ರಿಲ್ ೨೦

ಪೂಜ್ಯ ಅಣ್ಣನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ನನ್ನಿಂದ ಆಗಬೇಕಾದ್ದು ಏನೂ ಇಲ್ಲವೆಂದು ತಿಳಿದು ನೆಮ್ಮದಿಯಾಯಿತು.

ನಾನು ಹೇಳಿದ ವಿಷಯ ಗಟ್ಟಿಯಾಗಿದೆ. ಇಲ್ಲಿ ನನ್ನನ್ನು ಕಾಯಂ ಆಗಿ ಇಟ್ಟುಕೊಳ್ಳುತ್ತಾರಂತೆ. ಮೇಲ್ವಿಚಾರಕಿ ಎಂಬ ಹುದ್ದೆ, ಪ್ರತ್ಯೇಕ ಕೋಣೆ. ಜೂನ್ ಕೊನೆಯೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಹೌದು ಎಂದರೆ ಇನ್ನು ನನ್ನ ಊರು ಇದೇ. ದೊಡ್ಡವರಾದ ತಮ್ಮ ಅಭಿಪ್ರಾಯವೇನು, ತಿಳಿಸಬೇಕು.

ತಮ್ಮ ವಿಧೇಯ ತಂಗಿ


ಮೇ ೮

ಚಿರಂಜೀವಿ ತಂಗಿಗೆ ಅಣ್ಣನ ಆಶೀರ್ವಾದಗಳು.

ಪ್ರತ್ಯೇಕ ಕೋಣೆ ಎಂದರೆ ಸಣ್ಣ ಮಾತಲ್ಲ. ಅಪ್ಪನಿಗಾಗಲಿ ನನಗಾಗಲಿ ಕನಸಿನಲ್ಲೂ ಸಿಗಲಿಲ್ಲ. ಒಪ್ಪಿಕೋ. ಇಲ್ಲಿಯ ಚಿಂತೆ ಬೇಡ. ನಿನ್ನ ಕೈಗವಸು, ಏಪ್ರನ್ ಇತ್ಯಾದಿ ಮೊಳೆಗೆ ತೂಗುತ್ತಿವೆ, ಬೇಕಿದ್ದರೆ ಪಾರ್ಸೆಲ್ ಮಾಡುತ್ತೇನೆ.

ಈ ಸಲ ಲಕೋಟೆಗೆ ಗೋಂದು ನಾನೇ ಹಚ್ಚಿದ್ದೇನೆ. ಮಡಿಕೆಯಲ್ಲಿ ಏನೂ ಸಿಗುವುದಿಲ್ಲ.

ಇಂತಿ,
ಅಣ್ಣ


ಮೇ ೨೫

ಅಣ್ಣ,

ಏಪ್ರನ್ ಪಾರ್ಸೆಲ್ ಮಾಡುತ್ತೀಯಾ? ಮಾಡು. ಜೊತೆಗೆ ಆ ಮೊಳೆಯನ್ನೂ ಕಿತ್ತು ಕಳಿಸು. ನನ್ನ ಹೆಸರಿನದು ಅಲ್ಲಿ ಒಂದು ಮೊಳೆಯೂ ಉಳಿಯದಿರಲಿ.

ನಾನು ‘ಪೂಜ್ಯ ಅಣ್ಣನವರಿಗೆ’ ಎಂದು ಬರೆದರೆ ನಿನಗೆ ನಗು ಬರಲಿಲ್ಲವಾ? ನಿನಗೆ ನಾನು ಜನ್ಮದಲ್ಲಿ ಯಾವತ್ತಾದರೂ ತಾವು ಎಂದಿದ್ದೀನಾ? ‘ಏನೇ ಇದು ನಿನ್ನ ಸೊಕ್ಕು’ ಎಂದು ಬೈದು ಬರೆಯುತ್ತೀಯ ಎಂದು ದಿನಾ ಟಪಾಲಿನವನ ಮುಖ ನೋಡಿದೆ. ನೀನು ಆಶೀರ್ವಾದ ಮಾಡಿ ಕೂತೆ!

ಹೊಟ್ಟೆಯಲ್ಲಿಟ್ಟುಕೊಂಡು ಇರಲು ನನಗೆ ಆಗುವುದಿಲ್ಲ, ಹೇಳಿಬಿಡುತ್ತೇನೆ. ನಾನು ಹೊರಟ ದಿನ ಸ್ಟೇಷನ್ನಿನಲ್ಲಿ ಅತ್ತಿಗೆ ‘ಹೋಗಿ ಬಾ’ ಎಂದರು. ಕಂಡಕ್ಟರಣ್ಣ ಹೋಗಿ ಬಾ ಎಂದರು. ಟೀ ಮಾರುವವನು ಸಹ, ಯಾರೋ ಏನೋ, ‘ಹೋಗ್ಬನ್ನಿ ಅಕ್ಕ’ ಎಂದ. ನೀನೊಬ್ಬ ‘ನೋಡ್ಕೊಂಡು ನಡಿ’ ಎಂದೆ. ಹೋಗಿ ಬಾ ಎನ್ನಲಿಲ್ಲ. ರೈಲು ಹೊರಟರೂ ಎನ್ನಲಿಲ್ಲ. ಆಮೇಲೆ ಇಷ್ಟು ಕಾಗದ ಬರೆದೆಯಲ್ಲ, ಅಪ್ಪನ ಬಾ, ನಮ್ಮ ಬಾ ಎಂದು ಪುರಾಣ ಹೇಳಿದೆಯಲ್ಲ, ನನಗೆ ಅಂತ ಒಂದು ಸಲ ಆ ಮಾತು ಬರೆದೆಯಾ? ಎಲ್ಲ ತೆಗೆದು ಮತ್ತೆ ಓದಿದೆ. ಇಲ್ಲ.

ಇಲ್ಲಿ ಆ ಮಾತಿಗೆ ‘ಅಲ್ಲ’ ಎನ್ನುವ ಅರ್ಥ ಇರುವವನು ಬೆಳಿಗ್ಗೆ ನನ್ನನ್ನು ನೋಡಿದ ಕೂಡಲೇ ಬಾ ಎನ್ನುತ್ತಾನೆ. ‘ಹೋಗುತ್ತೆ’ ಎನ್ನುವ ಅರ್ಥದವನೂ ಕರೆಯುತ್ತಾನೆ. ‘ಬರು’ ಎನ್ನುವ ಅರ್ಥ ಗೊತ್ತಿರುವವನು ಇಡೀ ಭೂಮಿಯ ಮೇಲೆ ನನಗೆ ನೀನೊಬ್ಬ, ನೀನು ಬಾಯಿಗೆ ಬೀಗ ಹಾಕಿಕೊಂಡಿದ್ದೀಯ. ವಾಚನಾಲಯದ ಕಿಟಕಿ ಬಿಟ್ಟದ್ದು ನನಗೆ ಗೊತ್ತು. ತಂಗಿಯನ್ನು ಕರೆಯುವುದಕ್ಕಿಂತ ಅಪ್ಪನ ಆಸೆಯನ್ನೇ ಬಿಡುವುದು ನಿನಗೆ ಸುಲಭವಾಯಿತು.

ನಾನು ಬೇಡವಾ? ಬೇಡ ಎಂದು ನೇರವಾಗಿ ಬರೆ. ಜೂನ್ ಮೂವತ್ತಕ್ಕೆ ನಾನು ಇವರಿಗೆ ಉತ್ತರ ಕೊಡಬೇಕು.

ಪಿಟೀಲು


ಜೂನ್ ೧೦

ಪಿಟೀಲೇ, ನನ್ನ ಕತ್ತೆಮರಿ,

ನಿನ್ನ ಕಾಗದವನ್ನು ನಿಂತಲ್ಲೇ ಎರಡು ಸಲ ಓದಿದೆ. ಅತ್ತಿಗೆ ಎದುರಿಗೇ ಇದ್ದಳು. ಕಾಗದ ಅವಳ ಕೈಗೆ ಕೊಟ್ಟೆ. ಓದಿ ನನ್ನ ಮುಖವನ್ನು ನೋಡಿ, ‘ಇನ್ನಾದ್ರೂ ಬಾಯಿ ಬಿಡ್ತೀರೋ, ಇಲ್ಲ ಫ್ರೇಮ್ ಹಾಕ್ಕೊಂಡು ಗೋಡೆ ಮೇಲೆ ಕೂರ್ತೀರೋ?’ ಎಂದಳು. ಬಿಡುತ್ತೇನೆ.

ಫೋಟೋ ಸ್ಟುಡಿಯೋದ ಸುತ್ತು ಮೆಟ್ಟಿಲು ನೆನಪಿದೆಯಾ? ಅಪ್ಪ ಹೋದ ಮೇಲೆ ನಾವಿಬ್ಬರೇ ಎತ್ತಿದ ಮೊದಲ ದೊಡ್ಡ ಗಾಜು. ನೀನು ಬೆನ್ನು ಮುಂದು ಮಾಡಿ ಇಳಿಯುತ್ತಿದ್ದೆ, ನಾನು ಮೇಲಿನಿಂದ ಬಾ, ಬಾ ಎನ್ನುತ್ತಿದ್ದೆ. ನಾನು ಒಂದೊಂದು ಮೆಟ್ಟಿಲನ್ನೂ ಎರಡೆರಡು ಸಲ ನೋಡುತ್ತಿದ್ದೆ. ನೀನು ಯಾವುದೋ ಹಾಡು ಗುನುಗುತ್ತಿದ್ದೆ. ಒಂದು ಸಲ, ಒಂದೇ ಒಂದು ಸಲ ನೀನು ತಿರುಗಿ ಕೆಳಗೆ ನೋಡಲಿಲ್ಲ. ನಾನು ಬಾ ಎಂದರೆ ಅಲ್ಲಿ ಮೆಟ್ಟಿಲು ಇದ್ದೇ ಇರುತ್ತದೆ ಎಂದು ಕಾಲಿಡುತ್ತಿದ್ದೆ. ಅವತ್ತಿನಿಂದ ಇವತ್ತಿನವರೆಗೆ ನೀನು ಹಾಗೆಯೇ.

ಅಪ್ಪ ನನಗೆ ಮಾತ್ರ ಹೇಳಿದ ನಿಯಮ ಒಂದಿದೆ, ಅದು ನೋಡುವ ತುದಿಯವನ ನಿಯಮ. ‘ಅವಳ ಹಿಮ್ಮಡಿ ಎಲ್ಲಿ ಊರುತ್ತೆ ಅಂತ ನಿನ್ನ ಕಣ್ಣಿಗೆ ಕಾಣೋವರೆಗೂ ಬಾ ಅನ್ಬೇಡ. ಕಾಣ್ಲಿಲ್ವಾ, ಬಾಯಿ ಮುಚ್ಕೊಂಡು ನಿಂತ್ಕೋ.’ ಅದಕ್ಕೇ ಸ್ಟೇಷನ್ನಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ನೀನು ಹೋಗುವ ಊರು ನಾನು ಕಂಡದ್ದಲ್ಲ. ಕಾಗದ ಬರೆಯಲು ಕೂತಾಗಲೂ ಅದೇ. ನಾನು ಬಾ ಎಂದು ಬರೆದರೆ ನೀನು ಹಿಂದೆ ನೋಡದೆ ಬಂದೇ ಬಿಡುತ್ತೀಯ. ಪ್ರತ್ಯೇಕ ಕೋಣೆ, ದೊಡ್ಡ ಹುದ್ದೆ ಎಲ್ಲ ಬಿಟ್ಟು ಕಾಲು ಎತ್ತಿಬಿಡುತ್ತೀಯ. ಆಮೇಲೆ ಆ ಕಾಲು ಇಡಲು ಇಲ್ಲಿ ಏನಿದೆ? ಒಂದು ಹಳೇ ಅಂಗಡಿ, ಅರ್ಧ ಪುಕ್ಕಲನಾದ ಅಣ್ಣ. ನಾಳೆ ನಿನಗೆ ‘ಅಯ್ಯೋ’ ಅನ್ನಿಸಿದರೆ ಬಾ ಎಂದ ಬಾಯಿ ನನ್ನದು.

ನೀನು ಬೇಡವಾ ಎಂದು ಕೇಳಿದ್ದೀಯ. ಬೇಕು ಕಣೇ. ನೀನಿಲ್ಲದೆ ಅಂಗಡಿ ಬಿಕೋ ಎನ್ನುತ್ತದೆ. ಕಂಡಕ್ಟರ್ ಎಷ್ಟು ಸೀಟಿ ಊದಿದರೂ ತುಂಬುವುದಿಲ್ಲ. ದೊಡ್ಡ ಗಾಜಿನ ಮುಂದೆ ನಿಂತು ಯಾರಿಗೆ ಅಂತ ಬಾ ಎನ್ನಲಿ? ಆದರೆ ಬೇಕು ಎನ್ನುವುದು ನನ್ನ ಹೊಟ್ಟೆಯ ಮಾತು, ಬಾ ಎನ್ನುವುದು ನಿನ್ನ ಕಾಲಿನ ಮಾತು. ಎರಡನ್ನೂ ಕಲಸಲು ನನಗೆ ಬರುವುದಿಲ್ಲ.

ಈಗ ನಿನಗೆ ಸರಿ ಕಂಡದ್ದು ಮಾಡು. ಏನು ಮಾಡಿದರೂ ನಾನು ನಿನ್ನವನೇ. ಮೊಳೆ ಕೀಳುವುದಿಲ್ಲ.

ಅಣ್ಣ

ಗೋಂದಿನ ಡಬ್ಬಿ ವಾಪಸ್ ನನ್ನ ಕೈಗೆ ಬಂತು. ಕೇಳು, ವಾಚನಾಲಯದವರು ಇನ್ನೂ ಬೇರೆ ಯಾರಿಗೂ ಕೆಲಸ ಕೊಟ್ಟಿಲ್ಲ. ಅವತ್ತು ನಿಮ್ಮಣ್ಣ ಆಗಲ್ಲ ಅಂದ್ಮೇಲೆ ನಾನು ಬೀದಿ ತಿರುವಿನವರೆಗೂ ಅವರ ಹಿಂದೆ ಓಡಿ, ‘ಮಳೆಗಾಲ ಕಳೀಲಿ, ನಮ್ಮವಳು ಬಂದು ಮಾಡ್ಕೊಡ್ತಾಳೆ’ ಅಂದುಬಿಟ್ಟಿದೀನಿ. ನಿನ್ನನ್ನ ಕೇಳ್ದೆ ಮಾತು ಕೊಟ್ಟೆ, ಬೈಯೋ ಹಾಗಿದ್ರೆ ಬೈಕೋ. ನಿಮ್ಮಣ್ಣಂಗೆ ಇದು ಗೊತ್ತಿಲ್ಲ. – ಅತ್ತಿಗೆ


ಜೂನ್ ೨೪

ಅಣ್ಣಾ,

ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡು ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಒಂದೇ ತಂತಿಯಲ್ಲಿ. ನಗುಮೊಗ ಓಡಿ ಬಂದು ನೋಡಿ, ತಾನೂ ಅತ್ತಳು. ವಿಷಯ ಏನೆಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ಚೆನ್ನಾಗಿ ಅತ್ತಳು. ಆಮೇಲೆ ಇಬ್ಬರೂ ಟೀ ಕುಡಿದೆವು.

ಮಹಾರಾಯ, ಈ ನಿಯಮ ನನಗೆ ಮೊದಲೇ ಹೇಳಬಾರದಿತ್ತಾ? ಸ್ಟೇಷನ್ನಿನಿಂದ ಇಲ್ಲಿಯವರೆಗೂ ಮುಖ ಊದಿಸಿಕೊಂಡು ಬಂದದ್ದೆಲ್ಲ ದಂಡ!

ನಿನಗೆ ಅಪ್ಪ ಒಂದು ನಿಯಮ ಹೇಳಿದ್ದರೆ ನನಗೂ ಒಂದು ಹೇಳಿದ್ದಾನೆ, ಬೆನ್ನು ಮುಂದಾಗಿ ನಡೆಯುವವಳ ನಿಯಮ. ‘ಅವನು ಬಾಯಿ ಮುಚ್ಕೊಂಡು ನಿಂತ ಅಂದ್ರೆ ಅವನಿಗೆ ಕಾಣ್ತಿಲ್ಲ ಅಂತ. ಬೈಬೇಡ. ಗಾಜು ಒರಗ್ಸಿ ತುದಿ ಬದಲಾಯ್ಸಿ.’ ಅಪ್ಪನೂ ಆಗ ಅವನ ಜೊತೆ ಗಾಜು ಎತ್ತುತ್ತಿದ್ದ ದೊಡ್ಡಪ್ಪನೂ ಹಾಗೆ ಎಷ್ಟೋ ಸಲ ಬದಲಾಯಿಸುವುದನ್ನು ನಾನೇ ನೋಡಿದ್ದೇನೆ. ನಮ್ಮಿಬ್ಬರಲ್ಲಿ ಆ ಪ್ರಸಂಗವೇ ಬರಲಿಲ್ಲ, ನೋಡುವ ತುದಿ ನೀನು ಬಿಟ್ಟುಕೊಟ್ಟರಲ್ಲವೇ! ಈಗ ಬಿಡು. ತುದಿ ಬದಲಾಯಿಸೋಣ.

ಮೊದಲು ನನ್ನ ಕಾಲ ಕೆಳಗೆ ಏನಿದೆ ಎಂದು ನಾನೇ ನೋಡಿ ಹೇಳುತ್ತೇನೆ. ಆ ಪ್ರತ್ಯೇಕ ಕೋಣೆ ಇದೆಯಲ್ಲ, ಅದರ ನಾಲ್ಕು ಗೋಡೆಯೂ ಗಾಜು, ಆದರೆ ಅದರಲ್ಲಿ ಕೂತವಳು ಗಾಜು ಮುಟ್ಟುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ಗುರುತು ಹಾಕುತ್ತಾ ಕೂರಬೇಕು. ನಾನು ಒಂದು ವಾರ ಕೂತು ನೋಡಿದೆ. ಕೈ ಜೋಮು ಹಿಡಿಯಿತು. ಹೊರಗೆ ಮೇಸ್ತ್ರಿ ಬಾ ಎಂದಾಗಲೆಲ್ಲ ನನ್ನ ಹಿಮ್ಮಡಿ ತಾನಾಗಿ ಎದ್ದಿತು. ಭಾನುವಾರಗಳಲ್ಲಿ ಬಾಡಿಗೆ ಕೋಣೆಯ ಕಿಟಕಿಯ ಗಾಜು ಒರೆಸುತ್ತೇನೆ, ಮಾತಾಡಲು ಅದೊಂದೇ ಇರುವುದು. ಇದನ್ನೆಲ್ಲ ನಿನಗೆ ಬರೆಯದೆ ಹುದ್ದೆಯ ಹೆಸರು ಮಾತ್ರ ಬರೆದೆ, ನೀನು ಹೊಟ್ಟೆ ಉರಿದುಕೊಳ್ಳಲಿ ಎಂದು. ನೀನು ಸಂತೋಷಪಟ್ಟೆ!

ಮೂವತ್ತರವರೆಗೆ ಕಾಯಲಿಲ್ಲ. ನಿನ್ನೆ ಇಲ್ಲ ಎಂದು ಹೇಳಿಬಿಟ್ಟೆ. ನೀನು ಕರೆದೆ ಎಂದಲ್ಲ, ನೀನು ಇನ್ನೂ ಕರೆದೇ ಇಲ್ಲ. ನನಗೆ ಗಾಜು ಎತ್ತಬೇಕು, ನಮ್ಮ ಊರಿನ ಗಾಜು ಎತ್ತಬೇಕು, ಅದಕ್ಕೆ. ಗಾಜಿಗೆ ಗಪ್ಪನೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ಮೇಸ್ತ್ರಿ ನನಗೆ ಕೊಡುತ್ತಿದ್ದಾಳೆ, ಹಳೆಯವು, ಆದರೆ ಗಟ್ಟಿ. ಅವು ಇದ್ದರೆ ನೀನು ಕೈಬಿಟ್ಟರೂ ಗಾಜು ಬಿಡುವುದಿಲ್ಲ.

ಈಗ ನೋಡುವ ತುದಿ ನನ್ನದು. ಇಲ್ಲಿಂದ ನನಗೆ ಚೆನ್ನಾಗಿ ಕಾಣುತ್ತದೆ, ನಿನ್ನ ಬೆನ್ನ ಹಿಂದೆ ವಾಚನಾಲಯದ ಮೆಟ್ಟಿಲಿದೆ. ಅವರು ಕೆಲಸ ಯಾರಿಗೂ ಕೊಟ್ಟಿಲ್ಲ. ಹೇಗೆ ಗೊತ್ತು ಎಂದು ಕೇಳಬೇಡ, ಗೋಂದಿನ ಡಬ್ಬಿಯನ್ನು ಕೇಳು. ತಿರುಗಿ ನೋಡಬೇಡ, ಹಾಡು ಗುನುಗುವುದಾದರೆ ಗುನುಗು, ಕಾಲು ಇಡು. ಅವರಿಗೆ ಆಗುತ್ತೆ ಎಂದು ಹೇಳು. ಮೆಟ್ಟಿಲು ಇದೆ, ನಾನು ನೋಡಿದ್ದೇನೆ.

ಬಾ, ಅಣ್ಣ.

ನಿನ್ನ
ಪಿಟೀಲು

ಮರೆತಿದ್ದೆ: ಸಭಾಂಗಣದ ಎಲ್ಲಕ್ಕಿಂತ ದೊಡ್ಡ ಗಾಜು ಇವತ್ತು ಲಾರಿಗೆ ಏರಿತು. ಐದು ಜನವೂ ಒಂದೇ ಉಸಿರಿಗೆ ಬಾ ಎಂದೆವು. ಮೂರು, ಹೋಗುತ್ತೆ, ಪ್ರಶ್ನೆ, ಅಲ್ಲ, ಮತ್ತೆ ನನ್ನದು. ಗಾಜಿಗೆ ಯಾವುದು ಕೇಳಿಸಿತೋ, ಹೂವಿನ ಹಾಗೆ ಎದ್ದಿತು.


ಜುಲೈ ೯

ಪಿಟೀಲೇ,

ಬೆನ್ನು ಮುಂದಾಗಿ ನಡೆಯುವುದು ಇಷ್ಟು ಕಷ್ಟ ಎಂದು ನೀನು ಒಂದು ದಿನವಾದರೂ ಹೇಳಿದೆಯಾ?

ಕಾಗದ ಓದಿದವನು ಅಂಗಡಿಗೆ ಕಂಡಕ್ಟರನನ್ನು ಕೂರಿಸಿ, ಶರ್ಟು ಬದಲಾಯಿಸಿ, ವಾಚನಾಲಯಕ್ಕೆ ಹೊರಟೆ. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ತಿರುಗಿದೆ. ಮೂರನೆಯ ಸಲ ನೀನು ಹೇಳಿದ ಹಾಗೆ ಹಾಡು ಗುನುಗಿದೆ. ಗ್ರಂಥಪಾಲಕರು ಬೆರಳು ತುಟಿಗಿಟ್ಟು ‘ಸದ್ದು’ ಎಂದರು. ‘ಕಿಟಕಿ ನಾವು ಮಾಡ್ಕೊಡ್ತೀವಿ ಸಾರ್, ನಾನೂ ನನ್ನ ತಂಗಿಯೂ’ ಎಂದೆ. ಅವರು ನಕ್ಕು, ‘ಗೊತ್ತು, ನಿಮ್ಮ ಮನೆಯವರು ಆಗಲೇ ಹೇಳಿದ್ದಾರೆ’ ಎಂದರು. ಮನೆಗೆ ಬಂದು ಅತ್ತಿಗೆಯನ್ನು ಕೇಳಿದರೆ, ಗೋಂದಿನ ಡಬ್ಬಿಯ ಮುಚ್ಚಳ ಎಲ್ಲಿ ಎಂದು ಹುಡುಕುತ್ತಿದ್ದಳು. ಇರಲಿ. ಮೆಟ್ಟಿಲು ಇತ್ತು. ನೀನು ಸರಿಯಾಗಿಯೇ ನೋಡಿದ್ದೆ.

ಆಮೇಲೆ ಅಭ್ಯಾಸ ಶುರು ಮಾಡಿದೆ. ಗಾಜಿಲ್ಲದ ಖಾಲಿ ಚೌಕಟ್ಟು ಹಿಡಿದು ನಾನು ಬೆನ್ನು ಮುಂದು, ಕಂಡಕ್ಟರ್ ನೋಡುವ ತುದಿ. ಅವನಿಗೆ ಕೊನೆಗೂ ಬಾ ಎನ್ನಲು ಕಲಿಸಿದೆ, ಆದರೆ ‘ಬಾ, ರೈಟ್!’ ಎನ್ನುತ್ತಾನೆ. ಮೊದಲ ದಿನ ಬಾಗಿಲಿಗೆ ತಲೆ ಕುಟ್ಟಿಕೊಂಡೆ. ಪ್ರತಿ ಹೆಜ್ಜೆಗೂ ಜೀವ ಹೋಗಿ ಬಂತು. ಇಷ್ಟು ವರ್ಷ ನೀನು ಇದನ್ನು ಹಾಡಿಕೊಂಡು ಮಾಡಿದೆಯಲ್ಲ ಎಂದು ನೆನೆದು ಅಲ್ಲೇ ಚೌಕಟ್ಟು ಇಟ್ಟು ಸ್ವಲ್ಪ ಹೊತ್ತು ಕೂತೆ. ನನ್ನ ಮೇಲೆ ಇಷ್ಟು ನಂಬಿಕೆ ನನಗೇ ಇರಲಿಲ್ಲ ಕಣೇ.

ಇನ್ನು ನನ್ನ ತುದಿಯ ಲೆಕ್ಕ ಬಾಕಿ ಇದೆ. ನೀನು ನಿನ್ನ ಕಾಲ ಕೆಳಗಿನದನ್ನು ನೋಡಿ ಹೇಳಿದೆ. ಇಲ್ಲಿಯದನ್ನು ನಾನು ನೋಡಬೇಕಲ್ಲ? ನಿನ್ನೆ ಬೆಳಿಗ್ಗೆ ಸ್ಟೇಷನ್ನಿಗೆ ಹೋದೆ. ರೈಲು ನಿಲ್ಲುವ ಜಾಗದಿಂದ ಅಂಗಡಿಯವರೆಗೆ ನೀನು ನಡೆಯುವ ದಾರಿಯನ್ನು ನೆಲ ನೋಡಿಕೊಂಡು ನಡೆದೆ. ಪ್ಲಾಟ್‌ಫಾರಂ ಮೆಟ್ಟಿಲು ಭದ್ರವಾಗಿದೆ. ಔಷಧಿ ಅಂಗಡಿಯ ಮುಂದೆ ಚಪ್ಪಡಿ ಎದ್ದಿತ್ತು, ಅವರಿಗೆ ಹೇಳಿ ಕೂರಿಸಿದೆ. ನಮ್ಮ ಹಿಂಬಾಗಿಲ ಮೊದಲ ಮೆಟ್ಟಿಲು ಅಲ್ಲಾಡುತ್ತದಲ್ಲ, ನೀನು ಸದಾ ಹಾರಿ ದಾಟುತ್ತಿದ್ದದ್ದು, ಅದಕ್ಕೆ ಸಿಮೆಂಟು ಹಾಕಿ ಮೇಲೆ ನಾನೇ ನಿಂತು ಕುಣಿದು ನೋಡಿದೆ. ನಿನ್ನ ಏಪ್ರನ್ ಮೊಳೆಯಲ್ಲೇ ಇದೆ, ಅತ್ತಿಗೆ ಒಗೆದು ಇಸ್ತ್ರಿ ಮಾಡಿದ್ದಾಳೆ. ಮಳೆಗಾಲ ಕಳೆದರೆ ವಾಚನಾಲಯದ ಕಿಟಕಿ ಇದೆ. ಬಾಗಿಲಲ್ಲಿ ನಾನಿದ್ದೇನೆ.

ನಿನ್ನ ಹಿಮ್ಮಡಿ ಊರುವ ಜಾಗವೆಲ್ಲ ನನ್ನ ಕಣ್ಣಿಗೆ ಕಂಡಿತು. ತಿರುಗಿ ನೋಡುವ ಅಗತ್ಯವಿಲ್ಲ.

ಬಾ.

ಅಣ್ಣ

ಅಂತೂ ಇಂತೂ ಬರೆದ್ರು! ಒಂದಕ್ಷರಕ್ಕೆ ಎಷ್ಟು ಅಂಚೆಚೀಟಿ ಖರ್ಚು ಮಾಡಿದ್ರಿ ಅಣ್ಣತಂಗಿ ಸೇರ್ಕೊಂಡು! ಬರೆದಾದ್ಮೇಲೆ ಕಾಗದ ನನ್ನ ಕೈಗೆ ಕೊಡ್ದೆ ಮೂರು ಸಲ ಓದ್ಕೊಂಡ್ರು, ಸರಿಯಾಗಿ ಬಿದ್ದಿದ್ಯಾ ಅಂತ. ಸ್ಟೇಷನ್ನಿಗೆ ನಾನೂ ಬರ್ತೀನಿ, ಕರ್ಚೀಫು ತರ್ತೀನಿ, ಅಳೋದು ನಿಮ್ಮಣ್ಣ. ಆ ರಬ್ಬರ್ ಹಿಡಿಕೆ ಮರೀಬೇಡ. – ಅತ್ತಿಗೆ